ಹಳೇ ರಿವಾಲ್ವರ್ ಪಾಲಿಶ್‌ಗೆ ಕೊಡೋ ಮುಂಚೆ ಇದನ್ನ ಓದಿ

ಮನೇಲಿ ಅಜ್ಜನ ಕಾಲದ ರಿವಾಲ್ವರ್ ಇದೆ, ಬಣ್ಣ ಎಲ್ಲ ಹೋಗಿದೆ, ಒಂದ್ಸಲ ಚೆನ್ನಾಗಿ ಪಾಲಿಶ್ ಮಾಡಿಸಿ ಇಟ್ಕೋಬೇಕು ಅಂತಿರೋರು ದಯವಿಟ್ಟು ಪೂರ್ತಿ ಓದಿ. ನಂಗೆ ಬರೀ ದುಡ್ಡು ಹೋಗಿದ್ರೆ ಬರೀತಾನೇ ಇರ್ಲಿಲ್ಲ, ಲೈಸೆನ್ಸ್‌ಗೇ ಕುತ್ತು ಬಂದು ಕೂತಿದೆ.

ನಮ್ದು ವೆಬ್ಲಿ ಅಂಡ್ ಸ್ಕಾಟ್, ಪಾಯಿಂಟ್ 32, ಬರ್ಮಿಂಗ್‌ಹ್ಯಾಮ್‌ದು. ನಳಿಗೆ ಮುಂದಕ್ಕೆ ಮಡಚೋ ಟೈಪು, ಮಡಚಿದ ತಕ್ಷಣ ಹೊಡೆದ ಗುಂಡಿನ ಖಾಲಿ ಕೇಸ್ ಎಲ್ಲ ತಾನಾಗೇ ಮೇಲೆ ಎದ್ದು ಬರುತ್ತೆ. ಕಾನ್ಪುರದ ಸರ್ಕಾರಿ ಫ್ಯಾಕ್ಟರಿಯವ್ರ 32 ರಿವಾಲ್ವರ್ ಇದೆಯಲ್ಲ, ಅದೂ ವೆಬ್ಲಿ ಡಿಸೈನ್ ಇಟ್ಕೊಂಡು ಮಾಡಿದ್ದೇ. ಅಜ್ಜ ತಗೊಂಡಿದ್ದು ಅಪ್ಪನಿಗೆ ಬಂತು, ಅಪ್ಪ ಹೋದ್ಮೇಲೆ ವಾರಸುದಾರ ಅಂತ ನನ್ನ ಲೈಸೆನ್ಸ್‌ಗೆ ಏರಿಸಿಕೊಂಡೆ. ಹಂದಿ ಓಡ್ಸೋಕೆ ತೋಟದಲ್ಲಿ ಕೋವಿ ಬೇರೆ ಇದೆ, ಇದು ಬರೀ ಖುಷಿಗೆ. ಆಯುಧ ಪೂಜೆಗೆ ತೆಗೆದು ಎಣ್ಣೆ ಹಚ್ಚಿ ಒರೆಸಿ ಒಂಚೂರು ಹೊತ್ತು ಕೈಲಿ ಹಿಡ್ಕೊಂಡು ಕೂರೋದು, ಅಷ್ಟೇ.

ಬಣ್ಣ ಹೋಗಿದ್ದು ಕೈ ತಾಗಿ ತಾಗಿ, ತುಕ್ಕು ಹಿಡಿದಿದ್ದು ಎಲೆಕ್ಷನ್‌ನಿಂದ. ನೀತಿ ಸಂಹಿತೆ ಬಂತು ಅಂದ್ರೆ ಸ್ಟೇಷನ್‌ಗೆ ಡಿಪಾಸಿಟ್ ಮಾಡಿ ಅಂತಾರೆ, ಅಲ್ಲಿ ಚೀಟಿ ಕಟ್ಟಿ ಮೂಲೇಲಿ ಇಟ್ರೆ ನಮ್ಮ ಮಲೆನಾಡಿನ ಥಂಡಿಗೆ ಏನಾಗುತ್ತೆ ಹೇಳಿ, ವಾಪಸ್ ಬರುವಾಗ ಸಿಲಿಂಡರ್ ಮೇಲೆ, ನಳಿಗೆ ಪಕ್ಕ ಸಣ್ಣ ಸಣ್ಣ ಗುಳಿ ಬಿದ್ದಿರುತ್ತೆ.

ಸರಿ ಅಂತ ಬಂದೂಕಿನ ಅಂಗಡಿಗೆ ಕೊಟ್ಟೆ. ಹೆಸರು ಹೇಳಲ್ಲ, ಲೈಸೆನ್ಸ್ ಇರೋ ಹಳೇ ಅಂಗಡೀನೇ, ನಂಬರ್ ಬರ್ಕೊಂಡು ರಸೀದಿನೂ ಕೊಟ್ರು. "ಕಂಪನಿ ಕಲರ್ ಬರುತ್ತೆ ಸಾರ್, ಒಂದ್ ಗುಳಿ ಇರಲ್ಲ, ಫಳಫಳ ಅನ್ನುತ್ತೆ" ಅಂದ್ರು. ಫಳಫಳ ಅಂತೂ ಅಂತು, ಅದ್ರಲ್ಲಿ ಸುಳ್ಳಿಲ್ಲ. ಆದ್ರೆ ಬೆಳಕಿಗೆ ಹಿಡಿದು ನೋಡಿದ್ರೆ ನಳಿಗೆಯ ಅಂಚೆಲ್ಲ ಬಳಸಿ ಸವೆದ ಸೋಪಿನ ಥರ ದುಂಡಗಾಗಿದೆ, ಸ್ಕ್ರೂ ಸುತ್ತ ತಟ್ಟೆ ಥರ ಹಳ್ಳ, ವೆಬ್ಲಿಯವ್ರ ಆ ರೆಕ್ಕೆ ಇರೋ ಬುಲೆಟ್ ಗುರುತು ಬರೀ ಒಂದು ಕಲೆ. ಬರ್ಮಿಂಗ್‌ಹ್ಯಾಮ್ ಪ್ರೂಫ್ ಹೌಸ್‌ನ ಮುದ್ರೆ ಹೋಗೇಬಿಟ್ಟಿದೆ, 1813ರಲ್ಲಿ ಕಟ್ಟಿದ ಸಂಸ್ಥೆ ಅದು, ಬಂದೂಕು ಸುರಕ್ಷಿತ ಅಂತ ಅವ್ರು ಪರೀಕ್ಷೆ ಮಾಡಿ ಹೊಡೆದ ಮುದ್ರೆ. ಇನ್ನು ಸೀರಿಯಲ್ ನಂಬರ್, ಟಾರ್ಚ್ ಓರೆಯಾಗಿ ಹಿಡಿದ್ರೆ ಮೊದಲಿನ ಅಂಕಿಗಳು ಕಾಣ್ತವೆ, ಕೊನೇದು ಎಂಟೋ ಮೂರೋ ಆ ದೇವರಿಗೇ ಗೊತ್ತು.

ಯಾಕೆ ಹೀಗಾಯ್ತು ಅಂದ್ರೆ, ಬ್ಲೂಯಿಂಗ್, ಅಂದ್ರೆ ಬಂದೂಕಿಗೆ ಕೊಡೋ ಆ ಕಪ್ಪು-ನೀಲಿ ಬಣ್ಣ, ಪೇಂಟ್ ಅಲ್ಲ. ಕಬ್ಬಿಣದ ಮೇಲ್ಮೈಯೇ ಕಪ್ಪು ಆಕ್ಸೈಡ್ ಆಗೋದು, ತೀರಾ ತೆಳು, ಒಂದು ಗುಳೀನೂ ಅದು ಮುಚ್ಚಲ್ಲ. ಗುಳಿ ಕಾಣಬಾರದು ಅಂದ್ರೆ ಒಂದೇ ದಾರಿ, ಸುತ್ತಲಿನ ಕಬ್ಬಿಣಾನ ಗುಳಿ ತಳದವರೆಗೂ ಸವೆಸೋದು. ಒಳ್ಳೆ ಕೆಲಸಗಾರ ಆದ್ರೆ ಮರದ ತುಂಡಿಗೆ ಎಮರಿ ಪೇಪರ್ ಸುತ್ತಿ ಕೈಯಲ್ಲೇ ಉಜ್ಜುತ್ತಾನೆ, ಅಕ್ಷರ ಇರೋ ಕಡೆ ಗುಳಿ ಇದ್ರೂ ಇರ್ಲಿ ಅಂತ ಬಿಡ್ತಾನೆ. ಇವ್ರು ಬಫ್ ವೀಲ್‌ಗೆ ಒತ್ತಿ ಹಿಡಿದಿದ್ದಾರೆ, ಬಟ್ಟೆ ವೀಲ್‌ಗೆ ಅಂಚು ಯಾವ್ದು ಅಕ್ಷರ ಯಾವ್ದು ಗೊತ್ತಾಗುತ್ತಾ.

ಮಳೆ ಶುರುವಾದ್ಮೇಲೆ ಇನ್ನೊಂದು. ಟ್ರಿಗರ್ ಗಾರ್ಡ್ ಸೇರೋ ಸಂದೀಲಿ ಬಿಳೀ ಪುಡಿ ಬರೋಕೆ ಶುರು, ಒರೆಸಿದ್ರೆ ಮತ್ತೆ ಬರುತ್ತೆ, ಕೆಳಗೆ ಕೆಂಪು ತುಕ್ಕು. ಕಾಸ್ಟಿಕ್ ಸೋಡಾ, ನೈಟ್ರೇಟ್ ಹಾಕಿ ಸುಮಾರು 140 ಡಿಗ್ರಿಗೆ ಕಾಯಿಸಿದ ದ್ರಾವಣದಲ್ಲಿ ಮುಳುಗ್ಸಿದ್ಮೇಲೆ ಚೆನ್ನಾಗಿ ತೊಳೆದು, ಕುದಿಯೋ ನೀರಲ್ಲಿ ಹಾಕಿ ತೆಗೆದು ಎಣ್ಣೆ ಕುಡಿಸ್ಬೇಕು, ಅದಕ್ಕೂ ಮುಂಚೆ ಪೂರ್ತಿ ಬಿಚ್ಚಬೇಕು. ಇವ್ರು ಅರ್ಧಂಬರ್ಧ ಬಿಚ್ಚಿ ಮುಳುಗ್ಸಿದ್ದಾರೆ, ಉಪ್ಪು ಸಂದೀಲೇ ಉಳ್ಕೊಂಡಿದೆ. ಜೋರು ಮಾಡಿ ಕೇಳಿದ್ಮೇಲೆ ಬಾಯಿಬಿಟ್ರು, ಕೆಲಸ ಅಂಗಡೀಲಿ ಮಾಡಿದ್ದೇ ಅಲ್ಲ, ಮಷೀನ್ ಪಾರ್ಟ್‌ಗೆ ಬ್ಲ್ಯಾಕೋಡೈಸಿಂಗ್ (ಇದೇ ಥರ ಕಪ್ಪು ಬಣ್ಣ ಕೊಡೋದು) ಮಾಡೋ ಯಾವುದೋ ಶೆಡ್‌ಗೆ ಕಳಿಸಿದ್ರಂತೆ! ಬಂದೂಕು ರಿಪೇರಿ ಮಾಡೋಕೂ ಲೈಸೆನ್ಸ್ ಬೇಕು, ಆರ್ಮ್ಸ್ ಆ್ಯಕ್ಟ್ ಸೆಕ್ಷನ್ 5ರಲ್ಲೇ ಇದೆ. ನನ್ನ ರಿವಾಲ್ವರ್ ಯಾರ್ಯಾರ ಕೈಲಿ ಎಷ್ಟು ದಿನ ಇತ್ತೋ. ಅದಕ್ಕೆ ಅವ್ರ ಉತ್ತರ ಏನ್ ಗೊತ್ತಾ, "ಗುಳಿ ಹೋಗ್ಬೇಕು ಅಂತ ನೀವೇ ತಾನೇ ಸಾರ್ ಬಂದಿದ್ದು".

ಇದೆಲ್ಲಕ್ಕಿಂತ ದೊಡ್ಡ ತಲೆನೋವು ಸೆಕ್ಷನ್ 8. ಆಯುಧದ ಮೇಲಿನ ನಂಬರ್, ಗುರುತು ಅಳಿಸೋದು ತಿದ್ದೋದು ಅಪರಾಧ, ಅಷ್ಟೇ ಅಲ್ಲ, ಅಳಿಸಿರೋ ಆಯುಧ ಯಾರ ಹತ್ರ ಇದೆಯೋ ಅವ್ರೇ ಅಳಿಸಿದ್ದು ಅಂತ ಕಾನೂನು ಮೊದಲೇ ಅಂದ್ಕೊಳ್ಳುತ್ತೆ, ಅಲ್ಲ ಅಂತ ನಾವು ತೋರಿಸ್ಬೇಕು. ರಿನ್ಯೂವಲ್‌ಗೆ ಸ್ಟೇಷನ್‌ಗೆ ತಗೊಂಡು ಹೋದಾಗ ಆಯುಧ ನೋಡೋರು ಬುಕ್ಕು ಒಂದ್ ಕೈಲಿ ರಿವಾಲ್ವರ್ ಒಂದ್ ಕೈಲಿ ಹಿಡ್ಕೊಂಡು ನನ್ನ ಮುಖ ನೋಡಿದ್ರು. ನೋಡಿದ ರೀತೀಲೇ ಅರ್ಥ ಆಯ್ತು. ಪುಣ್ಯಕ್ಕೆ ಅಪ್ಪನ ಹಳೇ ಲೈಸೆನ್ಸ್ ಬುಕ್ಕು, ನಂಬರ್ ಬರೆದಿರೋ ಅಂಗಡಿ ರಸೀದಿ ಎರಡೂ ಇತ್ತು, ಅದನ್ನ ಲಗತ್ತಿಸಿ ಡಿಸಿ ಆಫೀಸ್‌ಗೆ ಅರ್ಜಿ ಕೊಟ್ಟಿದೀನಿ, ಫೈಲ್ ಇನ್ನೂ ಓಡಾಡ್ತಿದೆ. ಯಾರೋ ಹಿತೈಷಿಗಳು "ಅದೇ ನಂಬರ್ ಪಂಚ್ ಹೊಡೆಸಿಬಿಡಪ್ಪ" ಅಂದ್ರು. ಆ ಕೆಲಸ ಮಾತ್ರ ಮಾಡ್ಲೇಬೇಡಿ, ಅದು ತಿದ್ದಿದ ಹಾಗೇ.

ಕೈಲ್‌ಪೊಳ್ದ್‌ಗೆ (ಕೊಡವರ ಆಯುಧ ಪೂಜೆ ಹಬ್ಬ) ಮುಂಚೆ ಕೋವಿ ಪಾಲಿಶ್ ಮಾಡಿಸೋ ಕೊಡಗಿನ ಫ್ರೆಂಡ್ಸ್‌ಗೂ ಹೇಳ್ತೀನಿ, 2029ರವರೆಗೆ ನಿಮ್ಗೆ ವಿನಾಯ್ತಿ ಇರೋದು ಲೈಸೆನ್ಸ್ ತಗೊಳ್ಳೋದ್ರಿಂದ, ಈ ನಂಬರ್ ರೂಲ್‌ನಿಂದ ಅಲ್ಲ.

ಮಾಡಿಸ್ಲೇಬೇಕು ಅಂದ್ರೆ ಕೊಡೋ ಮುಂಚೆ ಪ್ರತಿ ಮುದ್ರೆ, ಪ್ರತಿ ಅಂಕಿಯ ಫೋಟೋ ಹತ್ತಿರದಿಂದ ತೆಗೀರಿ, "ಗುರುತುಗಳ ಮೇಲೆ ಬಫಿಂಗ್ ಇಲ್ಲ" ಅಂತ ರಸೀದಿ ಮೇಲೇ ಬರೆಸಿ ಸೈನ್ ಹಾಕಿಸ್ಕೊಳ್ಳಿ, ಕೆಲಸ ಮಾಡೋ ಜಾಗ ತೋರ್ಸಿ ಅನ್ನಿ. ಅವ್ರು ಮುಂಚೆ ಮಾಡಿರೋ ಪೀಸ್ ಇದ್ರೆ ಬಣ್ಣ ನೋಡ್ಬೇಡಿ, ಸ್ಕ್ರೂ ತೂತಿನ ಸುತ್ತ ಬೆರಳಾಡಿಸಿ ನೋಡಿ, ತಗ್ಗು ತಾಗಿದ್ರೆ ಎದ್ದು ಬನ್ನಿ.

ಅಂಗಡಿಯವ್ರು ಮೊನ್ನೆ ಫೋನ್ ಮಾಡಿದ್ರು, ಬೇಜಾರು ಮಾಡ್ಕೋಬೇಡಿ ಸಾರ್, ಫ್ರೀಯಾಗಿ ನಿಕಲ್ ಪಾಲಿಶ್ ಮಾಡ್ಕೊಡ್ತೀವಿ ಅಂತ. ಅದಕ್ಕೂ ಮೊದಲು ಬಫಿಂಗ್ ಮಾಡ್ಲೇಬೇಕಲ್ಲ ಅಂತ ಕೇಳಿದ್ದಕ್ಕೆ ಹೂಂ ಅಂದ್ರು.