ಹಿಂಜ್ (ಮುಚ್ಚಳದ ಕೀಲು) ನೋಡದೆ ಲ್ಯಾಪ್‌ಟಾಪ್ ತಗೋಬೇಡಿ: ನಾನು ಎರಡು ಸಲ ಬೇಸ್ತು ಬಿದ್ದ ಕಥೆ

ಟಕ್ ಅಂತ ಒಂದು ಸಣ್ಣ ಸದ್ದು, ಅಷ್ಟೇ. ಬೆಳಿಗ್ಗೆ ಅಂಗಡಿ ಶಟರ್ ಎತ್ತಿ, ದೇವರ ಫೋಟೊಗೆ ಊದುಬತ್ತಿ ಹಚ್ಚಿ, ಲ್ಯಾಪ್‌ಟಾಪ್ ಮುಚ್ಚಳ ಮೇಲೆತ್ತಿದೆ. ಎಡಗಡೆ ಮೂಲೆಯಲ್ಲಿ ಸ್ಕ್ರೀನ್ ಸುತ್ತಲಿನ ಕಪ್ಪು ಪಟ್ಟಿ ಬಾಯಿ ಬಿಟ್ಟಿತು. ಅದರ ಕೆಳಗೆ ಕೀಬೋರ್ಡ್ ಪಕ್ಕದ ಪ್ಲಾಸ್ಟಿಕ್ಕೂ ಅರ್ಧ ಬೆರಳಿನಷ್ಟು ಮೇಲೆದ್ದಿತ್ತು. ಬೀಳಿಸಿರಲಿಲ್ಲ. ಯಾರೂ ಅದರ ಮೇಲೆ ಕೂತಿರಲಿಲ್ಲ. ಕೊಂಡು ಹನ್ನೊಂದು ತಿಂಗಳಾಗಿತ್ತು.

ಶಿವಮೊಗ್ಗದಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಕಾಲೇಜು ಮಕ್ಕಳ ಪ್ರಾಜೆಕ್ಟ್ ರಿಪೋರ್ಟು, ಸಂಘದವರ ಕರಪತ್ರ, ಇಂಥವು. ಕರೆಂಟ್ ಕೈ ಕೊಡುತ್ತದೆ ಅಂತ ಡೆಸ್ಕ್‌ಟಾಪ್ ಬಿಟ್ಟು ಲ್ಯಾಪ್‌ಟಾಪ್‌ಗೆ ಬಂದವಳು ನಾನು. ದಿನಕ್ಕೆ ಹತ್ತು ಹದಿನೈದು ಸಲ ತೆರೆದು ಮುಚ್ಚುತ್ತೇನೆ. ರಾತ್ರಿ ಚೀಲಕ್ಕೆ ಹಾಕಿಕೊಂಡು ಮನೆಗೂ ಒಯ್ಯುತ್ತೇನೆ. ಅಂದರೆ ನನ್ನ ಕೈಯಲ್ಲಿ ಲ್ಯಾಪ್‌ಟಾಪ್‌ಗೆ ದುಡಿತ ಜಾಸ್ತಿ.

ಆ ಮೊದಲನೆಯದನ್ನು 2021ರಲ್ಲಿ 42 ಸಾವಿರ ಕೊಟ್ಟು ತಂದಿದ್ದೆ. ಆಗ ನಾನು ನೋಡಿದ್ದು ಮೂರೇ ಮೂರು. ಐ5 ಪ್ರೊಸೆಸರ್ ಇದೆಯಾ, 8 ಜಿಬಿ ರ‍್ಯಾಮ್ ಇದೆಯಾ, ಎಸ್‌ಎಸ್‌ಡಿ ಇದೆಯಾ. ಮೂರೂ ಇತ್ತು. ಮೂರೂ ಇವತ್ತಿಗೂ ಚೆನ್ನಾಗಿಯೇ ಇವೆ. ಮುರಿದಿದ್ದು ಡಬ್ಬದ ಮೇಲೆ ಎಲ್ಲೂ ಬರೆದಿರದ ಸಾಮಾನು.

ವಾರಂಟಿ ಇನ್ನೂ ಒಂದು ತಿಂಗಳು ಇದೆಯಲ್ಲ ಅಂತ ಧೈರ್ಯವಾಗಿ ಕಂಪನಿಯ ಸರ್ವಿಸ್ ಸೆಂಟರಿಗೆ ಹೋದೆ. ಕೌಂಟರಿನ ಹುಡುಗ ನಾಲ್ಕು ಕಡೆಯಿಂದ ಫೋಟೊ ಹೊಡೆದ. ಕಂಪ್ಯೂಟರಿನಲ್ಲಿ ಏನೋ ಒತ್ತಿ, "ಮೇಡಂ, ಇದು ಸಿಐಡಿಗೆ ಹೋಗುತ್ತೆ" ಅಂದ. ನಾನು ಪೊಲೀಸಿನ ಸಿಐಡಿ ಅಂದುಕೊಂಡು ಗಾಬರಿಯಾದೆ. ಸಿಐಡಿ ಅಂದರೆ ಕಸ್ಟಮರ್ ಇಂಡ್ಯೂಸ್ಡ್ ಡ್ಯಾಮೇಜ್ ಅಂತೆ. ಗಿರಾಕಿಯೇ ಮಾಡಿಕೊಂಡ ಹಾಳು ಅಂತ ಅರ್ಥ. "ಪ್ಲಾಸ್ಟಿಕ್ ಒಡೆದಿದೆ ಅಂದ್ರೆ ಫಿಸಿಕಲ್ ಡ್ಯಾಮೇಜ್ ಮೇಡಂ, ವಾರಂಟಿ ಬರಲ್ಲ." ಎಸ್ಟಿಮೇಟ್ ಹದಿನಾಲ್ಕು ಸಾವಿರದ ಚಿಲ್ಲರೆ. ಬೀಳಿಸಿದ್ದರೆ ಮೂಲೆಯಲ್ಲಿ ಗೀರು, ನೆಗ್ಗು ಇರಬೇಕಿತ್ತಲ್ವಾ ಅಂತ ಕೇಳಿದೆ. ಅದಕ್ಕೆ ಉತ್ತರ ಬರಲಿಲ್ಲ. ಎಸ್ಟಿಮೇಟಿನ ಪ್ರಿಂಟ್ ಬಂತು.

ಲ್ಯಾಪ್‌ಟಾಪ್ ವಾಪಸ್ ತಂದು ಗಾಂಧಿ ಬಜಾರ್ ಕಡೆಯ ಒಬ್ಬ ಮೆಕ್ಯಾನಿಕ್ ಹುಡುಗನಿಗೆ ಕೊಟ್ಟೆ. ಅವನು ಅಡಿಯ ಕವಚ ಬಿಚ್ಚಿ, ಮೊಬೈಲ್ ಟಾರ್ಚ್ ಹಿಡಿದು, "ಬನ್ನಿ ಅಕ್ಕಾ, ಇಲ್ಲಿ ನೋಡಿ" ಅಂತ ಕರೆದ. ಮುಚ್ಚಳವನ್ನು ಹಿಡಿದಿರುವ ಹಿಂಜ್ ಗಟ್ಟಿ ಕಬ್ಬಿಣದ್ದು. ಅದನ್ನು ಕೂರಿಸಿರುವುದು ಮೂರು ಸ್ಕ್ರೂ ಮೇಲೆ. ಆ ಸ್ಕ್ರೂಗಳು ಇಳಿಯುವುದು ಅಕ್ಕಿ ಕಾಳಿನಷ್ಟು ಉದ್ದದ ಹಿತ್ತಾಳೆ ನಟ್ಟುಗಳೊಳಕ್ಕೆ. ಆ ನಟ್ಟುಗಳನ್ನು ಕಾಯಿಸಿ ಪ್ಲಾಸ್ಟಿಕ್ ಗೂಟದಲ್ಲಿ ಒತ್ತಿ ಕೂರಿಸಿರುತ್ತಾರೆ, ಅಷ್ಟೇ. ನನ್ನದರಲ್ಲಿ ಮೂರರಲ್ಲಿ ಎರಡು ನಟ್ಟು ಪ್ಲಾಸ್ಟಿಕ್ ಸಮೇತ ಕಿತ್ತುಕೊಂಡು ಬಂದಿದ್ದವು. ಅಂಗೈ ಮೇಲೆ ಹಾಕಿ ತೋರಿಸಿದ. ಹಲ್ಲು ಬೇರು ಸಮೇತ ಬಂದ ಹಾಗಿತ್ತು.

ಹೊಸದರಲ್ಲಿ ಹಿಂಜ್ ಬಿಗಿಯಾಗಿರುತ್ತದೆ. ಗ್ರೀಸ್ ಒಣಗುತ್ತಾ ಹೋದರೆ ಇನ್ನೂ ಬಿಗಿಯಾಗುತ್ತದೆ. ನಾವು ಮುಚ್ಚಳ ಎತ್ತಿದಾಗಲೆಲ್ಲ ಆ ಬಿಗಿಯ ಭಾರ ಪೂರ್ತಿ ಬೀಳುವುದು ಪ್ಲಾಸ್ಟಿಕ್ ಗೂಟದ ಮೇಲೆ. ಕಬ್ಬಿಣ ಬಗ್ಗುವುದಿಲ್ಲ, ಪ್ಲಾಸ್ಟಿಕ್ ಬಿಡುತ್ತದೆ. ನನ್ನ ತಪ್ಪೂ ಒಂದಿದೆ, ಒಪ್ಪಿಕೊಳ್ಳುತ್ತೇನೆ. ಬಲಗೈಯಲ್ಲಿ ಟೀ ಲೋಟ, ಎಡಗೈಯಲ್ಲಿ ಮುಚ್ಚಳದ ಎಡ ಮೂಲೆ. ಹೀಗೆ ತೆರೆಯುವ ಅಭ್ಯಾಸ ನನಗೆ. ಮಧ್ಯದಲ್ಲಿ ಹಿಡಿದು ಎತ್ತಿದರೆ ಎರಡೂ ಹಿಂಜಿಗೆ ಭಾರ ಸಮ ಹಂಚಿಕೆಯಾಗುತ್ತದೆ. ಆದರೆ ಒಂದು ಕೈಯಲ್ಲಿ ತೆರೆದರೆ ಒಂದೇ ವರ್ಷಕ್ಕೆ ಮುರಿಯುವ ಸಾಮಾನನ್ನು 42 ಸಾವಿರಕ್ಕೆ ಮಾರುವುದು ಯಾವ ನ್ಯಾಯ?

ಹುಡುಗ ಹಿಂಜಿನ ನಟ್ಟು ಅರ್ಧ ಸುತ್ತು ಸಡಿಲಿಸಿ, ಕವಚಕ್ಕೆ ತೂತು ಕೊರೆದು, ಮೇಲಿಂದ ಕೆಳಕ್ಕೆ ಎರಡು ಬೋಲ್ಟ್ ಹಾಕಿ, ಅರಾಲ್ಡೈಟ್ ಹಚ್ಚಿ ಕೊಟ್ಟ. ಎಂಟುನೂರು ರೂಪಾಯಿ. ನೋಡಲು ಟ್ರ್ಯಾಕ್ಟರ್ ಟ್ರೈಲರ್ ರಿಪೇರಿ ಮಾಡಿದ ಹಾಗಿತ್ತು. ಆರು ತಿಂಗಳು ಬಂತು. ಆಮೇಲೆ ಬಲಗಡೆಯದು ಹೋಯಿತು.

ಇಲ್ಲಿ ಒಂದು ಮಾತು, ದಯವಿಟ್ಟು ಗಮನಿಸಿ. ಹಿಂಜ್ ಸಾಮಾನ್ಯವಾಗಿ ಒಂದೇ ದಿನ ಮುರಿಯುವುದಿಲ್ಲ. ಎರಡು ಮೂರು ವಾರ ಮೊದಲೇ ಮುಚ್ಚಳ ತೆರೆಯುವಾಗ ಕಿರ್ ಅನ್ನುತ್ತದೆ, ಅಂಚಿನಲ್ಲಿ ಕೂದಲೆಳೆಯಷ್ಟು ಸಂದು ಕಾಣುತ್ತದೆ. ನನಗೂ ಕಂಡಿತ್ತು, ಸುಮ್ನೆ ಇದ್ದೆ. ಆಗಲೇ ವಿಡಿಯೊ ಮಾಡಿ, ವಾರಂಟಿ ಇರುವಾಗಲೇ ಕಂಪನಿಗೆ ಇಮೇಲ್ ಹಾಕಿ. ಪ್ಲಾಸ್ಟಿಕ್ ಒಡೆಯುವ ಮೊದಲೇ ದೂರು ಕೊಟ್ಟಿದ್ದಕ್ಕೆ ದಾಖಲೆ ಇದ್ದರೆ ಸಿಐಡಿ ಅಂತ ಹೇಳುವುದು ಅವರಿಗೆ ಅಷ್ಟು ಸುಲಭವಲ್ಲ. ಆಗಲೂ ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಂಪನಿ ಎಲ್ಲೇ ಇರಲಿ, ನೀವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಐದು ಲಕ್ಷದೊಳಗಿನ ಖರೀದಿಗೆ ಶುಲ್ಕ ಇಲ್ಲ. ತೊಂದರೆ ಆದ ದಿನದಿಂದ ಎರಡು ವರ್ಷದೊಳಗೆ ದೂರು ಕೊಡಬೇಕು. ನಾನು ಮದುವೆ ಸೀಸನ್ ಗಲಾಟೆಯಲ್ಲಿ ಬಿಟ್ಟುಬಿಟ್ಟೆ. ಆ ಹೊಟ್ಟೆಯುರಿ ಇನ್ನೂ ಇದೆ.

ಎರಡನೆಯದನ್ನು 2023ರ ದೀಪಾವಳಿ ಸೇಲ್‌ನಲ್ಲಿ ಆನ್‌ಲೈನ್ ತರಿಸಿದೆ, 54 ಸಾವಿರಕ್ಕೆ. ಈ ಸಲ ಬುದ್ಧಿ ಬಂದಿದೆ ಅಂದುಕೊಂಡಿದ್ದೆ. ಜಾಹೀರಾತಿನಲ್ಲಿ 'ಮೆಟಲ್ ಬಾಡಿ' ಅಂತಿತ್ತು. ಮಿಲಿಟರಿ ಗ್ರೇಡ್ ಅಂತ ಮಿಲ್-ಎಸ್‌ಟಿಡಿ-810ಎಚ್ ಸ್ಟಿಕ್ಕರ್ ಬೇರೆ. ಬಂದ ಮೇಲೆ ಉಗುರಿನಲ್ಲಿ ತಟ್ಟಿ ನೋಡಿದರೆ ಮುಚ್ಚಳದ ಹೊರಮೈ ಮಾತ್ರ ಲೋಹ. ಕೈ ಇಡುವ ಜಾಗ, ಅಡಿ ಭಾಗ ಎಲ್ಲ ಪ್ಲಾಸ್ಟಿಕ್, ಲೋಹದ ಬಣ್ಣ ಬಳಿದಿದ್ದಾರೆ.

ಆ ಸ್ಟಿಕ್ಕರಿನ ಕಥೆಯೂ ಆಮೇಲೆ ತಿಳಿಯಿತು. 810ಎಚ್ ಅಂದರೆ ಅಮೆರಿಕದ ರಕ್ಷಣಾ ಇಲಾಖೆ 2019ರಲ್ಲಿ ಹೊರತಂದ ಪರೀಕ್ಷಾ ವಿಧಾನಗಳ ಕಂತೆ. ಬಿಸಿ, ಚಳಿ, ಧೂಳು, ಅಲುಗಾಟ, ಬೀಳುವುದು ಹೀಗೆ ಬಹಳ ಇವೆ. ಯಾವುದನ್ನು ಮಾಡುವುದು, ಎಷ್ಟನ್ನು ಮಾಡುವುದು ಅಂತ ಆರಿಸಿಕೊಳ್ಳುವುದು ಲ್ಯಾಪ್‌ಟಾಪ್ ಕಂಪನಿಯೇ. ಸೇನೆಯವರು ಬಂದು ಪರೀಕ್ಷೆ ಮಾಡಿ ಸೀಲ್ ಒತ್ತಿ ಹೋಗುವುದಿಲ್ಲ. ಯಾವ ಪರೀಕ್ಷೆ ಪಾಸಾಗಿದೆ ಅಂತ ಬರೆಯದಿದ್ದರೆ ಆ ಸ್ಟಿಕ್ಕರಿಗೂ ಲಾರಿ ಹಿಂದಿನ 'ಶುಭ ಪ್ರಯಾಣ'ಕ್ಕೂ ಜಾಸ್ತಿ ವ್ಯತ್ಯಾಸ ಇಲ್ಲ.

ಇದರಲ್ಲಿ ಹಿಂಜ್ ಗಟ್ಟಿ ಇತ್ತು. ಹೋಗಿದ್ದು ಕೀಬೋರ್ಡ್. ಅದೂ ಒಂದೇ ಕೀ. ನುಡಿ ತಂತ್ರಾಂಶದಲ್ಲಿ ಕೆ.ಪಿ. ರಾವ್ ಕೀಬೋರ್ಡ್ ವಿನ್ಯಾಸದಲ್ಲಿ ಟೈಪ್ ಮಾಡುವವರಿಗೆ ಗೊತ್ತು, ಒತ್ತಕ್ಷರ ಬೇಕಾದರೆ ನಡುವೆ ಎಫ್ ಒತ್ತಬೇಕು. ಕನ್ನಡದಲ್ಲಿ ಒತ್ತಕ್ಷರ ಇಲ್ಲದ ಸಾಲು ಎಲ್ಲಿದೆ? ಇಂಗ್ಲಿಷಿನವರು ಎಫ್ ಕೀಯನ್ನು ನಮಗಿಂತ ಕಡಿಮೆ ಮುಟ್ಟುತ್ತಾರೆ, ನಾವು ದಿನವಿಡೀ ಕುಟ್ಟುತ್ತೇವೆ. ಒಂದು ವರ್ಷಕ್ಕೆ ಅದು ಒಮ್ಮೆ ಬಂದರೆ ಎರಡು ಸಲ ಬರದ ಹಾಗಾಯಿತು. ರಾತ್ರಿ ಒಂದು ಮದುವೆ ಕಾರ್ಡಿನ ಪ್ರೂಫ್ ವಾಟ್ಸಾಪ್‌ನಲ್ಲಿ ಕಳಿಸಿದ್ದೆ. ಹುಡುಗಿಯ ಸೋದರಮಾವ ಫೋನ್ ಮಾಡಿದರು. "ಏನಮ್ಮಾ ಇದು, ಲಗನಪತರಿಕೆ ಅಂತ ಬಂದಿದೆ?" ಕೆಳಗೆ ನೋಡಿದರೆ ಶ್ರೀ ಹೋಗಿ ಶರೀ ಆಗಿದೆ. ಅವರು ನಕ್ಕರು, ನನಗೆ ಅಳು ಬಂತು.

ಅದೇ ಮೆಕ್ಯಾನಿಕ್ ಹುಡುಗನ ಹತ್ತಿರ ಹೋದೆ. ಬಿಚ್ಚಿ ನೋಡಿ ತಲೆ ಅಲ್ಲಾಡಿಸಿದ. ಕೀಬೋರ್ಡ್‌ಗೆ ಸ್ಕ್ರೂಗಳೇ ಇಲ್ಲ. ಮೇಲಿನ ಕವಚಕ್ಕೆ ಹತ್ತಾರು ಪ್ಲಾಸ್ಟಿಕ್ ಗುಬುಟುಗಳನ್ನು ಕರಗಿಸಿ ಅಂಟಿಸಿದ್ದಾರೆ. ಕೀಬೋರ್ಡ್ ಬದಲಾಯಿಸಬೇಕಾದರೆ ಕವಚ ಸಮೇತ ತರಿಸಬೇಕು, ಹತ್ತು ಸಾವಿರದ ಹತ್ತಿರ. ಇಲ್ಲವೇ ಆ ಗುಬುಟುಗಳನ್ನೆಲ್ಲ ಕತ್ತರಿಸಿ ಹೊಸ ಕೀಬೋರ್ಡ್ ಅಂಟಿಸಬೇಕು. "ಮಾಡ್ತೀನಿ ಅಕ್ಕಾ, ಆದ್ರೆ ಟೈಪ್ ಮಾಡುವಾಗ ಹಪ್ಪಳದ ಹಾಗೆ ಕುಣಿಯುತ್ತೆ" ಅಂದ. ಹೋಗಲಿ, ರ‍್ಯಾಮ್ ಆದರೂ ಜಾಸ್ತಿ ಮಾಡೋಣ, ಡಿಸೈನ್ ಮಾಡುವ ಕೋರೆಲ್ ಡ್ರಾ ತೆವಳುತ್ತಿದೆ ಅಂದರೆ ಅದನ್ನೂ ಬೋರ್ಡಿಗೆ ಬೆಸುಗೆ ಹಾಕಿದ್ದಾರೆ. ಇನ್ನೊಂದು ಚಿಪ್ ಹಾಕಲು ಜಾಗವೇ ಇಲ್ಲ. ಕೊನೆಗೆ ಯುಎಸ್‌ಬಿ ಕೀಬೋರ್ಡ್ ತಂದು ಸಿಕ್ಕಿಸಿದೆ. 54 ಸಾವಿರದ ಮೇಲೆ ಇನ್ನೊಂದು 450.

ಮೂರನೆಯ ಸಲ ನಾನು ಮೊದಲು ಓದಿದ್ದು ಜಾಹೀರಾತು ಅಲ್ಲ, ರಿಪೇರಿ ಪುಸ್ತಕ. ಇದು ನನಗೆ ಮೊದಲೇ ಗೊತ್ತಿದ್ದರೆ ಎಷ್ಟೋ ದುಡ್ಡು ಉಳಿಯುತ್ತಿತ್ತು. ಲೆನೊವೊ, ಡೆಲ್, ಎಚ್‌ಪಿ ತಮ್ಮ ಬಿಸಿನೆಸ್ ಮಾಡೆಲ್‌ಗಳ ಸರ್ವಿಸ್ ಮ್ಯಾನ್ಯುಯಲ್‌ಗಳನ್ನು ತಮ್ಮ ವೆಬ್‌ಸೈಟಿನಲ್ಲೇ ಇಟ್ಟಿರುತ್ತವೆ. ಮಾಡೆಲ್ ಹೆಸರು ಹಾಕಿ ಹುಡುಕಿದರೆ ಸಿಗುತ್ತದೆ. ಅದರಲ್ಲಿ ಬಿಡಿಭಾಗ ಬಿಚ್ಚುವ ಚಿತ್ರಗಳಿರುತ್ತವೆ. ಇಂಗ್ಲಿಷ್ ಅಷ್ಟಾಗಿ ಬರದಿದ್ದರೂ ಚಿತ್ರ ನೋಡಿದರೆ ಸಾಕು. ಕೀಬೋರ್ಡ್ ಒಂಟಿಯಾಗಿ ಬಿಚ್ಚುತ್ತದೆಯೋ, ಕವಚ ಸಮೇತ ಬರುತ್ತದೆಯೋ? ರ‍್ಯಾಮ್‌ಗೆ ಸ್ಲಾಟ್ ಇದೆಯೋ? ಬ್ಯಾಟರಿಗೆ ಸ್ಕ್ರೂ ಹಾಕಿದ್ದಾರೋ, ಅಂಟು ಹಾಕಿದ್ದಾರೋ? ಹಿಂಜ್ ಕೂರುವುದು ಲೋಹದ ಚೌಕಟ್ಟಿನ ಮೇಲೋ, ಪ್ಲಾಸ್ಟಿಕ್ ಗೂಟದ ಮೇಲೋ? ಎಲ್ಲ ಅಲ್ಲೇ ಕಾಣುತ್ತದೆ.

ಲೆನೊವೊದ ಥಿಂಕ್‌ಪ್ಯಾಡ್, ಡೆಲ್‌ನ ಲ್ಯಾಟಿಟ್ಯೂಡ್, ಎಚ್‌ಪಿಯ ಎಲೈಟ್‌ಬುಕ್ ಇವೆಲ್ಲ ಆಫೀಸುಗಳಿಗೆ ನೂರಾರು ಒಟ್ಟಿಗೆ ಮಾರುವ ಸಾಲಿನವು. ಅಲ್ಲಿ ಒಂದು ಕೀಬೋರ್ಡ್ ಹೋದರೆ ಬೇಗ ಬದಲಾಯಿಸಿ ಕೊಡಬೇಕು. ಹಾಗಾಗಿ ಬಿಚ್ಚಲು ಬರುವ ಹಾಗೆ ಕಟ್ಟಿರುವುದು ಜಾಸ್ತಿ. ಹೆಸರು ನೋಡಿ ಮರುಳಾಗಬೇಡಿ ಮತ್ತೆ. ಥಿಂಕ್‌ಪ್ಯಾಡ್‌ಗಳಲ್ಲೇ ಎಕ್ಸ್1 ಕಾರ್ಬನ್‌ನಲ್ಲಿ ರ‍್ಯಾಮ್ ಬೆಸುಗೆ ಹಾಕಿದ್ದೇ ಇರುತ್ತದೆ. ತೆಳ್ಳಗೆ ಬೇಕು ಅಂದರೆ ಅದೂ ಬರುತ್ತದೆ.

ಇಂಥವು ಹೊಸದು ನನ್ನ ಬಜೆಟ್ಟಿಗೆ ಎಟುಕುವುದಿಲ್ಲ. ಸೆಕೆಂಡ್ ಹ್ಯಾಂಡ್ ನೋಡೋಣ ಅಂತ ಹೋದ ನವೆಂಬರಿನಲ್ಲಿ ತಮ್ಮನನ್ನು ಕರೆದುಕೊಂಡು ಕಂಪ್ಯೂಟರ್ ಅಂಗಡಿಗಳಿರುವ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದೆ. ಅಲ್ಲೂ ಕಣ್ಣು ಬಿಟ್ಟುಕೊಂಡಿರಬೇಕು. ಮೊದಲ ಅಂಗಡಿಯಲ್ಲಿ ಫಳಫಳ ಹೊಳೆಯುವ ಲ್ಯಾಪ್‌ಟಾಪ್, 18 ಸಾವಿರ, ವಿಂಡೋಸ್ 11 ಬೇರೆ ಹಾಕಿದ್ದರು. ನೋಡಿದರೆ ಇಂಟೆಲ್ 6ನೇ ಜನರೇಷನ್ ಪ್ರೊಸೆಸರ್. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ 8ನೇ ಜನರೇಷನ್ ಅಥವಾ ಅದಕ್ಕಿಂತ ಹೊಸದು ಬೇಕು ಅಂತ ಮೈಕ್ರೋಸಾಫ್ಟ್ ಹೇಳಿದೆ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ಮುಗಿಯಿತು. ಹಾಗಾಗಿ ಹಳೆಯ ಜನರೇಷನ್‌ಗೆ ಅಡ್ಡದಾರಿಯಲ್ಲಿ 11 ತುರುಕಿ ಸಾಗಹಾಕುವವರಿದ್ದಾರೆ.

ಎರಡನೆಯ ಅಂಗಡಿಯಲ್ಲಿ ತಮ್ಮ ಕಮಾಂಡ್ ಪ್ರಾಂಪ್ಟ್ ತೆರೆದು ಬ್ಯಾಟರಿ ರಿಪೋರ್ಟ್ ತೆಗೆದ. ವಿಂಡೋಸ್‌ನಲ್ಲೇ ಇರುವ ಪವರ್‌ಸಿಎಫ್‌ಜಿ ಅನ್ನುವ ಆದೇಶದಿಂದ ಇದು ಬರುತ್ತದೆ. ಡಿಸೈನ್ ಕೆಪಾಸಿಟಿ, ಅಂದರೆ ಹೊಸದರಲ್ಲಿ ತುಂಬಬೇಕಾದದ್ದು, 50 ಸಾವಿರ ಮಿಲಿವ್ಯಾಟ್-ಅವರ್; ಈಗ ತುಂಬುವುದು 22 ಸಾವಿರ. ಅಂದರೆ ಬ್ಯಾಟರಿ ಅರ್ಧಕ್ಕಿಂತ ಜಾಸ್ತಿ ಸತ್ತಿದೆ. "ನಾಲ್ಕು ಗಂಟೆ ಬರುತ್ತೆ ಮೇಡಂ" ಅನ್ನುತ್ತಿದ್ದವರು ಅದನ್ನು ನೋಡಿ ಬೇರೆ ಗಿರಾಕಿ ಕಡೆ ತಿರುಗಿದರು. ಇನ್ನೊಂದು ಕಡೆ ಬಯಾಸ್ (ವಿಂಡೋಸ್ ಶುರುವಾಗುವ ಮೊದಲಿನ ಸೆಟ್ಟಿಂಗ್ ಪರದೆ) ತೆರೆದರೆ ಪಾಸ್‌ವರ್ಡ್ ಕೇಳಿತು, ಯಾವುದೋ ಕಂಪನಿಯ ಹಳೆಯ ಬೀಗ. ಅಂಥದ್ದನ್ನು ಮುಟ್ಟಲೇಬೇಡಿ.

ನಾಲ್ಕನೆಯ ಅಂಗಡಿಯಲ್ಲಿ ವ್ಯಾಪಾರ ಕುದುರಿತು. ಕೊಳ್ಳುವ ಮೊದಲು ಮಾಡಿದ್ದು ಇಷ್ಟು. ಲ್ಯಾಪ್‌ಟಾಪ್‌ನ ಮುಂದಿನ ಒಂದು ಮೂಲೆ ಹಿಡಿದು ಒಂದೇ ಕೈಯಲ್ಲಿ ಪೂರ್ತಿ ಮೇಲೆತ್ತಿದೆ, ಕಿರ್ ಅನ್ನಲಿಲ್ಲ. ಕೀಬೋರ್ಡ್ ಮಧ್ಯೆ ಹೆಬ್ಬೆರಳಿನಿಂದ ಒತ್ತಿದೆ, ತಗ್ಗಲಿಲ್ಲ. ಮುಚ್ಚಳವನ್ನು ನಿಧಾನಕ್ಕೆ ಹತ್ತು ಸಲ ತೆರೆದು ಮುಚ್ಚುತ್ತಾ ಹಿಂಜಿನ ಪಕ್ಕದ ಸಂದನ್ನೇ ನೋಡಿದೆ, ಅಗಲವಾಗಲಿಲ್ಲ. ಆಮೇಲೆ ನೋಟ್‌ಪ್ಯಾಡ್ ತೆರೆದು ಎಫ್ ಕೀಯನ್ನು ಐವತ್ತು ಸಲ ಒತ್ತಿದೆ. ಅಂಗಡಿಯವರು ವಿಚಿತ್ರವಾಗಿ ನೋಡಿದರು. ನೋಡಲಿ ಬಿಡಿ. 29 ಸಾವಿರ, ಆರು ತಿಂಗಳ ಅಂಗಡಿ ವಾರಂಟಿ. ಜಿಎಸ್‌ಟಿ ಬಿಲ್ ಮೇಲೆ ಸೀರಿಯಲ್ ನಂಬರ್ ಬರೆಸಿಕೊಂಡೇ ಹೊರಟೆ.

ಮೊದಲನೆಯದನ್ನು ಮಾರಲು ಹೋದರೆ ಗುಜರಿ ಬೆಲೆ ಕೇಳಿದರು, ಕೊಡಲಿಲ್ಲ. ಮೆಕ್ಯಾನಿಕ್ ಹುಡುಗ ಅದರ ಮುಚ್ಚಳವನ್ನೇ ಕಿತ್ತು ಹಾಕಿದ. ಈಗ ಅದು ರುಂಡವಿಲ್ಲದ ಮುಂಡದ ಹಾಗೆ ಹಳೆಯ ಮಾನಿಟರಿಗೆ ಸಿಕ್ಕಿಸಿಕೊಂಡು ಅಂಗಡಿ ಮೂಲೆಯಲ್ಲಿ ಜೆರಾಕ್ಸ್ ಬಿಲ್ ಹಾಕುತ್ತಿದೆ.