ಕಾಲೆತ್ತಿ ಹೊಡೆಯೋದಾ, ಹಿಮ್ಮಡಿ ಎತ್ತಿ ಹೊಡೆಯೋದಾ?

ಬೇಸ್‌ಬಾಲ್ ಬ್ಯಾಟಿಂಗ್‌ನಲ್ಲಿ ನನ್ನ ಓಟು ಹಿಮ್ಮಡಿಗೆ. ಬಾಲ್ ಎಸೆಯುವ ಪಿಚರ್ ಕಡೆಗಿರುವ ಮುಂಗಾಲಿನ ಬೆರಳುಗಳು ನೆಲದಲ್ಲೇ ಇರುತ್ತವೆ, ಹಿಮ್ಮಡಿ ಮಾತ್ರ ಏಳುತ್ತದೆ. ಅದನ್ನು ಊರಿ ಸೊಂಟ ತಿರುಗಿಸಿದರೆ ಮುಗೀತು. ಜಪಾನಿನ ಶೋಹೆಯ್ ಒಹ್ತಾನಿ 2018ರಲ್ಲಿ ಅಮೆರಿಕದ ಲೀಗ್‌ಗೆ ಬಂದಾಗ ಕಾಲೆತ್ತುವುದನ್ನು ಬಿಟ್ಟು ಇದನ್ನೇ ಹಿಡಿದರು. 2024ರಲ್ಲಿ 54 ಹೋಮ್‌ರನ್ (ನಮ್ಮ ಕ್ರಿಕೆಟ್ ಸಿಕ್ಸರ್ ಇದ್ದ ಹಾಗೆ) ಹೊಡೆದರು. ಕಾಲೆತ್ತದಿದ್ದರೆ ಪವರ್ ಬರಲ್ಲ ಅನ್ನುವವರಿಗೆ ಇಷ್ಟು ಸಾಕು, ಅಲ್ವಾ?

ಕಾಲೆತ್ತುವವರಲ್ಲಿ ದೊರೆ ಅಂದರೆ ಸದಹರು ಓ. ಬಲಗಾಲು ಎತ್ತಿ, ಎಡಗಾಲೊಂದರ ಮೇಲೆ ಕೊಕ್ಕರೆಯ ಹಾಗೆ ನಿಂತು ಹೊಡೆಯುತ್ತಿದ್ದರು. ಜಪಾನ್ ಲೀಗ್‌ನಲ್ಲಿ ಒಟ್ಟು 868 ಹೋಮ್‌ರನ್! ಮೈಭಾರವೆಲ್ಲ ಹಿಂಗಾಲಿಗೆ ಹೋಗಿ ಮುಂದಕ್ಕೆ ನುಗ್ಗುವುದರಿಂದ, ಸರಿಯಾಗಿ ತಾಗಿದರೆ ಬಾಲ್ ನಿಜಕ್ಕೂ ದೂರ ಹೋಗುತ್ತದೆ.

ತೊಂದರೆ ಇರುವುದು ನೆಲದಲ್ಲಿ. ಬಳ್ಳಾರಿಯಲ್ಲಿ ನಾವು ಆಡುವ ಮೈದಾನ ಎರೆ ಮಣ್ಣಿನದು. ಬೇಸಿಗೆಯಲ್ಲಿ ಬಿರುಕು, ಮೇಲೆ ಪುಡಿ. ಎತ್ತಿದ ಕಾಲು ಒಮ್ಮೆ ಗಟ್ಟಿ ಜಾಗಕ್ಕೆ ಬಿದ್ದರೆ, ಇನ್ನೊಮ್ಮೆ ಬಿರುಕಿನ ಅಂಚಿಗೆ. ಮುಂಗಾಲು ಗಟ್ಟಿಯಾಗಿ ತಡೆದು ನಿಂತರೆ ತಾನೇ ಸೊಂಟ ಅದರ ಮೇಲೆ ಗಿರ್ರನೆ ತಿರುಗುವುದು? ಕಾಲು ಜಾರಿತೋ, ಸೊಂಟಕ್ಕೆ ಆಧಾರವಿಲ್ಲ. ಉಳಿಯುವುದು ಬರೀ ಕೈ ಬಲ. ಬಾಲ್ ಉರುಳಿಕೊಂಡು ಪಿಚರ್ ಹತ್ತಿರ ಹೋಗುತ್ತದೆ.

ಅದಕ್ಕೇ ಸ್ಪೈಕ್ಸ್ ಶೂ ಕೊಂಡೆ. ನನ್ನ ಮಾಮೂಲಿ ಕ್ಯಾನ್ವಾಸ್ ಶೂ ಮೂರು ಜೊತೆ ಬರುತ್ತಿದ್ದ ದುಡ್ಡು. ಒಣ ನೆಲದಲ್ಲಿ ಪರವಾಗಿಲ್ಲ. ಒಂದು ಮಳೆ ಬಿದ್ದರೆ ಸಾಕು, ಮುಳ್ಳುಗಳ ಸಂದಿಯಲ್ಲೆಲ್ಲ ಎರೆ ಮೆತ್ತಿಕೊಂಡು ಅಡಿ ನುಣ್ಣಗಾಗುತ್ತದೆ. ಎರಡು ಬಾಲಿಗೊಮ್ಮೆ ಕಡ್ಡಿ ಹಿಡಿದು ಕೆರೆಯುತ್ತಾ ಕೂರಬೇಕು. ಆಮೇಲೆ ಕ್ಯಾನ್ವಾಸ್ ಹಾಕಿ, ಹಿಮ್ಮಡಿ ಮಾತ್ರ ಎತ್ತಿ ನೋಡಿದೆ. ಬೆರಳು ನೆಲ ಬಿಡುವುದಿಲ್ಲವಲ್ಲ, ಕಾಲಿನ ಜಾಗ ಮೊದಲೇ ಗೊತ್ತಿರುತ್ತದೆ.

ನಿಧಾನದ ಬಾಲಿಗೂ ಇದೇ ವಾಸಿ. ಕಾಲೆತ್ತಿದಾಗ ಬಾಲ್ ಬರುವ ಮೊದಲೇ ಭಾರ ಮುಂದೆ ಹೋಗಿರುತ್ತದೆ, ತಲೆಯೂ ಅದರ ಜೊತೆಗೆ. ಕಣ್ಣು ಅಲುಗಿದರೆ ಬಾಲ್ ಅಂದಾಜಿಗೆ ಸಿಗುವುದಿಲ್ಲ.

ಎದೆ ಪಿಚರ್ ಕಡೆ ತಿರುಗಿಸಿ ನಿಲ್ಲುವ ಓಪನ್ ಸ್ಟಾನ್ಸ್‌ನಲ್ಲಿ ಬಾಲ್ ಚೆನ್ನಾಗಿ ಕಾಣುತ್ತದೆ, ಆದರೆ ಹೊಡೆಯುವ ಮುಂಚೆ ಮತ್ತೆ ಮೈ ಪಕ್ಕಕ್ಕೆ ತಿರುಗಿಸಿಕೊಳ್ಳಬೇಕು. ನನಗೆ ಅಷ್ಟು ವ್ಯವಧಾನ ಇಲ್ಲ.

ದಿನಾ ಪ್ರಾಕ್ಟೀಸ್ ಮಾಡುವ ಹುಡುಗರಿಗೆ, ಒಳ್ಳೆ ಹುಲ್ಲಿನ ಮೈದಾನ ಇದ್ದವರಿಗೆ ಕಾಲೆತ್ತುವುದು ಸರಿ. ವಾರವೆಲ್ಲ ಕುರ್ಚಿಯಲ್ಲಿ ಕೂತು ಭಾನುವಾರ ಬ್ಯಾಟ್ ಹಿಡಿಯುವ ನನಗೆ ಹಿಮ್ಮಡಿಯೇ ಸಾಕು. ಪಾದಗಳ ಅಂತರ ಮಾತ್ರ ಭುಜಕ್ಕಿಂತ ಸ್ವಲ್ಪ ಜಾಸ್ತಿ ಇರಲಿ. ತೀರಾ ಅಗಲಿಸಿದರೆ ಸೊಂಟ ತಿರುಗಲ್ಲ. ಸ್ಪೈಕ್ಸ್ ಎಂಟನೇ ನಂಬರಿನದು, ಯಾರಿಗಾದರೂ ಬೇಕಿದ್ದರೆ ಅರ್ಧ ರೇಟಿಗೆ ಕೊಡುತ್ತೇನೆ.