ಉಳಿದ ಬಟ್ಟೆಯಿಂದ ಸಂಕ್ರಾಂತಿಯ ಕೌದಿ: ಚಿಕ್ಕಮಗಳೂರಿನ ಒಂದು ಹೊಲಿಗೆ ಅಂಗಡಿ

ಬಾಗಿನದಲ್ಲಿ ಬಂದ ರವಿಕೆ ಕಣಗಳು, ಮಕ್ಕಳಿಗೆ ಲಂಗ ಹೊಲಿಸಿ ಉಳಿದ ತುಂಡುಗಳು, ಅಂಚು ಸವೆದ ಹತ್ತಿ ಸೀರೆಗಳು ಇವನ್ನೆಲ್ಲ ಒಯ್ದುಕೊಟ್ಟರೆ ಕೌದಿ, ಅಂದರೆ ತುಂಡು ಬಟ್ಟೆಗಳನ್ನು ಕೂಡಿಸಿದ ಪದರದ ಹೊದಿಕೆ, ಹೊಲಿದುಕೊಡುವ ಸಣ್ಣ ಅಂಗಡಿಯೊಂದು ಚಿಕ್ಕಮಗಳೂರಿನ ಎಂ.ಜಿ. ರಸ್ತೆಯ ಸಮೀಪದಲ್ಲಿದೆ. ಕಾಫಿ ಕೊಯ್ಲಿನ ತಿಂಗಳುಗಳ ಚಳಿಗೆ ಒದಗಲಿ, ನೋಡುವುದಕ್ಕೂ ಹಬ್ಬದ ಕಳೆ ಇರಲಿ ಎಂದು ನಾನು ಅಲ್ಲಿ ಸಂಕ್ರಾಂತಿಯ ಬಣ್ಣಗಳ ಕೌದಿಯೊಂದನ್ನು ಹೊಲಿಸಿದೆ.

ಆ ಅಂಗಡಿಯ ನಿಜವಾದ ಕೈಚಳಕ ಇರುವುದು ಬಟ್ಟೆಯನ್ನು ಆರಿಸುವುದರಲ್ಲಿ. ಹೊಲಿಯುವಾಕೆ ಚೀಲವನ್ನು ಮೇಜಿನ ಮೇಲೆ ಸುರಿದು, ಪ್ರತಿ ತುಂಡನ್ನೂ ಬೆರಳಲ್ಲಿ ಉಜ್ಜಿ ನೋಡಿ, ಹತ್ತಿಯನ್ನು ಒಂದು ಕಡೆಗೂ ಪಾಲಿಯೆಸ್ಟರನ್ನು ಇನ್ನೊಂದು ಕಡೆಗೂ ಇಟ್ಟರು. ಒಗೆದಾಗ ಹತ್ತಿ ಕುಗ್ಗುತ್ತದೆ, ಪಾಲಿಯೆಸ್ಟರ್ ಕುಗ್ಗುವುದಿಲ್ಲ; ಎರಡನ್ನೂ ಸೇರಿಸಿ ಹೊಲಿದರೆ ಕೌದಿ ಸುಕ್ಕುಗಟ್ಟುತ್ತದೆ. ಕೆಂಪು ತುಂಡುಗಳ ಮೇಲೆ ಒದ್ದೆಯ ಬಿಳಿ ಬಟ್ಟೆ ಒತ್ತಿ, ಬಣ್ಣ ಬಿಟ್ಟವನ್ನು ಹಿಂದಿರುಗಿಸಿದರು. ನನ್ನ ಅಚ್ಚುಮೆಚ್ಚಿನ ಜರಿಯಂಚನ್ನೂ, ಮೈಗೆ ಚುಚ್ಚುತ್ತದೆಂದು, ಮುಲಾಜಿಲ್ಲದೆ ತೆಗೆದಿಟ್ಟರು.

ಚೆಂಡುಹೂವಿನ ಹಳದಿ, ಅವರೆಕಾಯಿಯ ಹಸಿರು, ನಡುವೆ ಕರಿಕಬ್ಬಿನ ನೇರಳೆ ಪಟ್ಟಿ. ಬಣ್ಣದ ಹೊಂದಿಕೆ ಎಲ್ಲಿಯೂ ಕಣ್ಣಿಗೆ ಹೊಡೆಯುವುದಿಲ್ಲ. ಐದು ಇಂಚಿನ ಚೌಕಗಳನ್ನು ಕಾಲಿಂಚು ಒಳಗೆ ಬಿಟ್ಟು ಯಂತ್ರದಲ್ಲಿ ಕೂಡಿಸಿದ್ದಾರೆ. ಪದರಗಳನ್ನು ಹಿಡಿದಿಡುವ ಹೊಲಿಗೆ ಮಾತ್ರ ಕೈಯದು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮಹಿಳೆಯರ ಕೌದಿಯಲ್ಲಿ ಹೊಲಿಗೆ ಅಂಚಿನಿಂದ ಆರಂಭವಾಗಿ ಸುತ್ತುತ್ತ ನಡುವಿಗೆ ಬರುತ್ತದೆ. ಇಲ್ಲಿ ಉದ್ದಕ್ಕೂ ನೇರ ಸಾಲುಗಳಿವೆ. ಚೆಂದದಲ್ಲಿ ಸಿದ್ದಿಯರದೇ ಮೇಲು, ಆದರೆ ಇದರ ಬಿಗಿಗೂ ಕುಂದಿಲ್ಲ.

ನನ್ನ ತಕರಾರು ಒಳಗಿನ ಹತ್ತಿಯ ಬಗ್ಗೆ. ಕೇಳದೆಯೇ ದಪ್ಪನಾಗಿ ತುಂಬಿದ್ದರಿಂದ ಒಗೆದ ಕೌದಿಯನ್ನು ಎತ್ತುವುದೇ ಕಷ್ಟ. ಮಲೆನಾಡಿನ ಮಳೆಗಾಲದಲ್ಲಂತೂ ಅದು ಒಣಗದೆ ಮುಗ್ಗಲು ವಾಸನೆ ಹಿಡಿಯುತ್ತದೆ. ಹತ್ತಿಯ ಬದಲು ಎರಡು ಹಳೆಯ ಸೀರೆಗಳ ಪದರವನ್ನೇ ಇಡಿಸಿದರೆ ಬೆಚ್ಚಗೂ ಇರುತ್ತದೆ, ಒಂದು ಬಿಸಿಲಿಗೆ ಒಣಗುತ್ತದೆ, ಖರ್ಚೂ ಕಡಿಮೆ. ಇದನ್ನು ಬಟ್ಟೆ ಕೊಡುವಾಗಲೇ ಹೇಳಿ ಚೀಟಿಯಲ್ಲಿ ಬರೆಸಬೇಕು.

ಒಂಟಿ ಮಂಚದ ಅಳತೆಯ ಕೌದಿಗೆ ನಾನು ಕೊಟ್ಟ ಕೂಲಿ 1,800 ರೂಪಾಯಿ. ಕೈಹೊಲಿಗೆಯ ಶ್ರಮ ನೋಡಿದರೆ ಇದು ದುಬಾರಿಯಲ್ಲ. ಹಬ್ಬದ ಹೊತ್ತಿಗೆ ರವಿಕೆ ಹೊಲಿಗೆಯ ಒತ್ತಡ ಹೆಚ್ಚಿರುವುದರಿಂದ, ಸಂಕ್ರಾಂತಿಗೆ ಬೇಕಿದ್ದವರು ದೀಪಾವಳಿ ಮುಗಿದ ಕೂಡಲೇ ಬಟ್ಟೆಯನ್ನು ಒಗೆದು, ಇಸ್ತ್ರಿ ಮಾಡಿ ಕೊಟ್ಟುಬಿಡುವುದು ಒಳ್ಳೆಯದು.